ಇಂಟೆಲಿಜೆನ್ಸ್ ಅಂದರೆ ಗುಪ್ತಚರವೋ, ಬುದ್ಧಿಯೋ?

2025ರ ಮೊದಲ ಆರು ತಿಂಗಳ ಸುದ್ದಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮಾರ್ಚ್ 3ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 14.2 ಕಿಲೋ ಚಿನ್ನ ಸಿಕ್ಕಿತು. ಹಿಡಿದದ್ದು ಕಂದಾಯ ಗುಪ್ತಚರ ನಿರ್ದೇಶನಾಲಯ. ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲಿ ಕರ್ನಾಟಕದವರೂ ಇದ್ದರು. ‘ಗುಪ್ತಚರ ವೈಫಲ್ಯ’ ಎಂಬ ಮಾತು ಎದ್ದಿತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಎರಡೇ ದಿನಗಳಲ್ಲಿ ರಾಜ್ಯ ಗುಪ್ತಚರ ವಿಭಾಗದ ಮುಖ್ಯಸ್ಥರ ವರ್ಗಾವಣೆಯಾಯಿತು. ಇವೆಲ್ಲದರ ನಡುವೆ ದಿನಕ್ಕೊಂದು ಕೃತಕ ಬುದ್ಧಿಮತ್ತೆಯ ಸುದ್ದಿ.

ಚಿನ್ನ, ಉಗ್ರರು, ಕ್ರಿಕೆಟ್ ಅಭಿಮಾನಿಗಳು, ಕಂಪ್ಯೂಟರ್. ಇವಕ್ಕೆ ಒಂದಕ್ಕೊಂದು ಏನು ನಂಟು? ಇಂಗ್ಲಿಷ್ ಪತ್ರಿಕೆ ತೆರೆದರೆ ನಾಲ್ಕರಲ್ಲೂ ಒಂದೇ ಪದ ಕಾಣುತ್ತದೆ: ಇಂಟೆಲಿಜೆನ್ಸ್. ಕನ್ನಡಕ್ಕೆ ಬರುವಾಗ ಅದು ಒಡೆಯುತ್ತದೆ. ಒಂದು ಕಡೆ ‘ಗುಪ್ತಚರ’, ಇನ್ನೊಂದು ಕಡೆ ‘ಬುದ್ಧಿಮತ್ತೆ’. ಒಡೆದದ್ದು ತಪ್ಪಲ್ಲ. ಆದರೆ ಈ ಎರಡು ಕನ್ನಡ ಪದಗಳು ನಮಗೆ ಗೊತ್ತಿಲ್ಲದಂತೆ ಒಂದು ಕೆಲಸ ಮಾಡುತ್ತಿವೆ. ಅನಾಹುತ ಆದಾಗ ಯಾರನ್ನು ದೂರಬೇಕು, ಯಂತ್ರವನ್ನು ಎಷ್ಟು ನಂಬಬೇಕು ಎಂಬುದನ್ನು ಮೊದಲೇ ನಮ್ಮ ತಲೆಯಲ್ಲಿ ಕೂರಿಸುತ್ತಿವೆ. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಅದು ಸುದ್ದಿಯಾಗಿತ್ತು

ಪದದ ಬೇರು ಲ್ಯಾಟಿನ್‌ನಲ್ಲಿದೆ. ಹಲವು ಸಂಗತಿಗಳ ನಡುವಿನಿಂದ ಬೇಕಾದದ್ದನ್ನು ಆರಿಸಿಕೊಳ್ಳುವುದು ಎಂಬುದು ಅದರ ಮೂಲ ಅರ್ಥ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾರಲ್ಲ, ಹಾಗೆ. ಇಂಗ್ಲಿಷಿಗೆ ಬಂದಾಗ ಅದಕ್ಕೆ ತಿಳಿವಳಿಕೆ ಎಂಬ ಅರ್ಥ ಇತ್ತು. ಮುಂದೆ ‘ಸುದ್ದಿ’ ಎಂಬ ಅರ್ಥವೂ ಸೇರಿಕೊಂಡಿತು. ಯಾವ ಹಡಗು ಯಾವ ಬಂದರಿಗೆ ಬಂತು ಎಂದು ತಿಳಿಸುವ ಅಂಕಣಕ್ಕೆ ಹಳೆಯ ಪತ್ರಿಕೆಗಳು ‘ಶಿಪ್ಪಿಂಗ್ ಇಂಟೆಲಿಜೆನ್ಸ್’ ಎನ್ನುತ್ತಿದ್ದವು. 1800ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ಪತ್ರಿಕೆಯ ಹೆಸರೇ ‘ನ್ಯಾಷನಲ್ ಇಂಟೆಲಿಜೆನ್ಸರ್’. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಕಾಸು ಕೊಟ್ಟವರೆಲ್ಲ ಓದಬಹುದಿತ್ತು.

ರಾಜರಿಗೆ, ಸೈನ್ಯಕ್ಕೆ ಬೇಕಾದ ಸುದ್ದಿ ಮಾತ್ರ ಬೇರೆ. ಅದು ಶತ್ರುವಿನ ಬಗ್ಗೆ, ಗುಟ್ಟಾಗಿ ಬರಬೇಕು. ಕಾಲ ಹೋದಂತೆ ‘ಸುದ್ದಿ’ ಎಂಬ ಸಾಮಾನ್ಯ ಅರ್ಥ ಸವೆಯಿತು, ಗುಟ್ಟಿನ ಅರ್ಥ ಉಳಿಯಿತು. ನಮ್ಮ ದೇಶದ ಇಂಟೆಲಿಜೆನ್ಸ್ ಬ್ಯೂರೋ ತನ್ನ ಹುಟ್ಟನ್ನು 1887ರಿಂದ ಲೆಕ್ಕ ಹಾಕುತ್ತದೆ. ಅದು ಬ್ರಿಟಿಷರ ಕಾಲದ ಸಂಸ್ಥೆ.

ಕನ್ನಡದಲ್ಲಿ ಇದಕ್ಕೆ ಎರಡು ಪದ ಬಳಕೆಯಲ್ಲಿವೆ. ನಮ್ಮ ಪೊಲೀಸ್ ಇಲಾಖೆಯ ಕಡತಗಳಲ್ಲಿ ‘ಗುಪ್ತವಾರ್ತೆ’ ಎಂದಿದೆ. ಅಂದರೆ ಗುಟ್ಟಿನ ಸುದ್ದಿ. ಮೂಲ ಅರ್ಥಕ್ಕೆ ಇದು ತೀರಾ ಹತ್ತಿರ. ಪತ್ರಿಕೆ, ಟಿವಿಗಳಲ್ಲಿ ಜಾಸ್ತಿ ಓಡಾಡುವುದು ‘ಗುಪ್ತಚರ’. ಚರ ಅಂದರೆ ತಿರುಗಾಡುವವನು. ಹಾಗಾಗಿ ಇದು ಸುದ್ದಿಯ ಹೆಸರಲ್ಲ, ಸುದ್ದಿ ತರುವ ಮನುಷ್ಯನ ಹೆಸರು. ‘ಗುಪ್ತಚರ ವೈಫಲ್ಯ’ ಎಂದು ಓದಿದ ತಕ್ಷಣ ಮನಸ್ಸಿಗೆ ಬರುವುದು ವೇಷ ಮರೆಸಿಕೊಂಡು ಓಡಾಡುವ ಒಬ್ಬ ಆಸಾಮಿ. ಅವನು ಎಲ್ಲೋ ನಿದ್ದೆ ಮಾಡಿದ ಅನ್ನಿಸುತ್ತದೆ. ನಿಜವಾಗಿ ಆಗುವುದು ಹೆಚ್ಚಿನ ಸಲ ಅದಲ್ಲ.

ಕಂದಾಯ ಗುಪ್ತಚರ ಅಂದರೆ ತಹಶೀಲ್ದಾರರಲ್ಲ

ಚಿನ್ನದ ಪ್ರಕರಣದಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವಿತ್ತು. ಕರ್ನಾಟಕದಲ್ಲಿ ಕಂದಾಯ ಇಲಾಖೆ ಅಂದರೆ ಪಹಣಿ, ಮ್ಯುಟೇಶನ್, ಗ್ರಾಮ ಲೆಕ್ಕಿಗರು, ತಹಶೀಲ್ದಾರರು. ಅವರಿಗೂ ವಿಮಾನ ನಿಲ್ದಾಣದ ಚಿನ್ನಕ್ಕೂ ಏನು ಸಂಬಂಧ ಎಂದು ಕೇಳಿದವರಿದ್ದರೆ ಅದು ನ್ಯಾಯವಾದ ಪ್ರಶ್ನೆ. ಇಲ್ಲಿನ ‘ಕಂದಾಯ’ ಭೂಮಿಯದ್ದಲ್ಲ, ಕೇಂದ್ರದ ತೆರಿಗೆ ಆದಾಯ. ಡಿಆರ್‌ಐ ಎಂದು ಕರೆಯುವ ಈ ನಿರ್ದೇಶನಾಲಯ 1957ರಲ್ಲಿ ಶುರುವಾಯಿತು. ಕೇಂದ್ರ ಹಣಕಾಸು ಸಚಿವಾಲಯದ ಕೆಳಗಿದೆ. ಕಳ್ಳಸಾಗಣೆ ಹಿಡಿಯುವುದು ಅದರ ಮುಖ್ಯ ಕೆಲಸ.

ಆ ಹೆಸರಿನಲ್ಲಿರುವ ‘ಇಂಟೆಲಿಜೆನ್ಸ್’ ವೇಷದ ಬೇಹುಗಾರಿಕೆಯಷ್ಟೇ ಅಲ್ಲ. ಒಬ್ಬ ಪ್ರಯಾಣಿಕರು ಒಂದೇ ಊರಿಗೆ ಪದೇ ಪದೇ ಯಾಕೆ ಹೋಗಿ ಬರುತ್ತಾರೆ, ಟಿಕೆಟ್ ಯಾರು ಕೊಂಡರು, ಆಮದಿನ ಕಾಗದದಲ್ಲಿ ಬರೆದ ಬೆಲೆ ಮಾರುಕಟ್ಟೆಗೆ ಹೊಂದುತ್ತದೆಯೇ ಎಂದು ಕಾಗದಪತ್ರ ಹೊಂದಿಸಿ ನೋಡುವುದೂ ಸೇರಿದೆ. ಜಿಎಸ್‌ಟಿ ವಂಚನೆ ಪತ್ತೆ ಮಾಡುವ ಮಹಾನಿರ್ದೇಶನಾಲಯದ ಹೆಸರಲ್ಲೂ ಈ ಪದ ಇದೆ. ಅನುಮಾನದ ಬ್ಯಾಂಕ್ ವ್ಯವಹಾರಗಳ ವರದಿ ಪಡೆಯುವ, 2004ರಲ್ಲಿ ಹುಟ್ಟಿದ ಘಟಕದ ಹೆಸರಲ್ಲೂ ಇದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ‘ಬಿಸಿನೆಸ್ ಇಂಟೆಲಿಜೆನ್ಸ್’ ಕೆಲಸ ಮಾಡುವ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಅವರಾರೂ ಗೂಢಚಾರರಲ್ಲ. ಮಾರಾಟದ ಲೆಕ್ಕದಿಂದ ಚಾರ್ಟ್ ಮಾಡಿ ಯಜಮಾನರಿಗೆ ತೋರಿಸುವವರು.

ಈ ಕೊನೆಯ ಬಳಕೆಗೆ ಒಂದು ಒಳ್ಳೆಯ ಹಿನ್ನೆಲೆ ಇದೆ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ 1958ರಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲಿ ನಿಘಂಟಿನ ಒಂದು ಅರ್ಥವನ್ನು ಆರಿಸಿಕೊಂಡರು. ಮುಂದಿರುವ ಸಂಗತಿಗಳ ನಡುವಿನ ನಂಟನ್ನು ಗುರಿಯತ್ತ ಕೆಲಸಕ್ಕೆ ದಾರಿ ತೋರುವಂತೆ ಹಿಡಿಯುವ ಶಕ್ತಿ, ಅದೇ ಇಂಟೆಲಿಜೆನ್ಸ್ ಎಂಬುದು ಅದರ ಸಾರ. ಇದನ್ನು ಮೂರು ತುಂಡು ಮಾಡಬಹುದು: ಸಂಗತಿ, ನಂಟು, ಕೆಲಸ. ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದ ಸುದ್ದಿಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ವೈಫಲ್ಯ ಎಲ್ಲಿ ಆಗುತ್ತದೆ

ಕಾರ್ಗಿಲ್‌ನಿಂದ ಶುರು ಮಾಡೋಣ. 1999ರ ಮೇ ತಿಂಗಳಲ್ಲಿ ಪಾಕಿಸ್ತಾನದವರು ಒಳಗೆ ಬಂದು ಬೆಟ್ಟಗಳ ಮೇಲೆ ಕೂತಿದ್ದು ಕುರಿಗಾಹಿಗಳ ಕಣ್ಣಿಗೆ ಬಿತ್ತು. ಇಷ್ಟು ದೊಡ್ಡ ದೇಶಕ್ಕೆ ಗೊತ್ತೇ ಆಗಲಿಲ್ಲವೇ ಎಂದು ಜನ ಸಿಟ್ಟಾದರು. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ನೋಡಿದಾಗ ಕಂಡದ್ದು ಬೇರೆ ಚಿತ್ರ. ಚೂರುಪಾರು ಮಾಹಿತಿ ಬಂದಿತ್ತು. 1998ರ ಜೂನ್‌ನಲ್ಲೇ ಇಂಟೆಲಿಜೆನ್ಸ್ ಬ್ಯೂರೋ ನಿರ್ದೇಶಕರ ಸಹಿಯ ಒಂದು ವರದಿ, ಕಾರ್ಗಿಲ್ ಎದುರಿನ ಚಟುವಟಿಕೆಗಳ ಬಗ್ಗೆ ದೆಹಲಿಯ ಹಿರಿಯರಿಗೆ ಹೋಗಿತ್ತು. ಆದರೆ ಅದನ್ನು ನೋಡಲೇಬೇಕಿದ್ದ ಮೂವರಿಗೆ ನೇರವಾಗಿ ಕಳಿಸಿರಲಿಲ್ಲ. ಹೊರದೇಶದ ಬೇಹುಗಾರಿಕೆ ನೋಡುವ ‘ರಾ’ ಸಂಸ್ಥೆಯ ಮುಖ್ಯಸ್ಥರು, ಎಲ್ಲ ವರದಿ ಒಟ್ಟುಗೂಡಿಸುವ ಜಂಟಿ ಸಮಿತಿಯ ಅಧ್ಯಕ್ಷರು, ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರು. ಸಂಗತಿ ಇತ್ತು. ನಂಟು ಹಾಕುವವರ ಮೇಜಿಗೆ ಅದು ಬರಲಿಲ್ಲ.

ಇರಾಕ್ ಇದಕ್ಕೆ ತದ್ವಿರುದ್ಧ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸ್ಥೆಗಳು ಸೇರಿ, ಇರಾಕ್ ಬಳಿ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳಿವೆ ಎಂದು ಅಂದಾಜು ಕೊಟ್ಟವು. 2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಹೇಳಿದಂಥ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಲಾರಿಗಳ ಮೇಲೆ ಓಡಾಡುವ ಪ್ರಯೋಗಾಲಯಗಳಿವೆ ಎಂದು ಹೇಳಿದ್ದು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇರಾಕಿ. ತಾನು ಸುಳ್ಳು ಹೇಳಿದ್ದೆ ಎಂದು ಅವನು 2011ರಲ್ಲಿ ಒಪ್ಪಿಕೊಂಡ. ಅಲ್ಲಿ ನಂಟು ಜಾಸ್ತಿಯಾಯಿತು, ಸಂಗತಿ ಕಡಿಮೆ ಇತ್ತು. ಮೊದಲೇ ತೀರ್ಮಾನ ಮಾಡಿಕೊಂಡವರಿಗೆ ಬೇಕಾದ ಸುಳ್ಳೂ ಸಾಕ್ಷಿಯಂತೆ ಕಂಡಿತು.

ಪಹಲ್ಗಾಮ್ ವಿಷಯದಲ್ಲಿ ಎರಡು ವಾದ ಇವೆ. ದಾಳಿಯ ಸುಳಿವು ಸಿಗಬೇಕಿತ್ತು, ಸಿಗಲಿಲ್ಲ, ಇದು ಮಾಹಿತಿಯ ಸೋಲು ಎನ್ನುವುದು ಒಂದು. ದಾಳಿ ನಡೆದ, ಸಾವಿರಾರು ಪ್ರವಾಸಿಗರು ಬರುವ ಬೈಸರನ್ ಹುಲ್ಲುಗಾವಲಿಗೆ ಕಾವಲು ಬೇಕೆಂದು ತಿಳಿಯಲು ಗೂಢಚಾರ ಬೇಕಿಲ್ಲ, ಇದು ಭದ್ರತೆಯ ಸೋಲು ಎನ್ನುವುದು ಇನ್ನೊಂದು. ಜಮ್ಮು ಮತ್ತು ಕಾಶ್ಮೀರದ ಆಗಿನ ಲೆಫ್ಟಿನೆಂಟ್ ಗವರ್ನರ್ ಮನೋಜ್ ಸಿನ್ಹಾ 2025ರ ಜುಲೈನಲ್ಲಿ ಭದ್ರತಾ ವೈಫಲ್ಯ ಎಂದು ಒಪ್ಪಿ ಹೊಣೆ ಹೊತ್ತರು. ಈ ಎರಡು ಮಾತಿನ ವ್ಯತ್ಯಾಸ ಚಿಕ್ಕದಲ್ಲ. ಮಾಹಿತಿಯ ಸೋಲು ಎಂದರೆ ಹೊಣೆ ಹೆಸರಿಲ್ಲದ ಸಂಸ್ಥೆಗಳ ಮೇಲೆ ಬೀಳುತ್ತದೆ, ವಿವರ ಯಾರಿಗೂ ಸಿಗುವುದಿಲ್ಲ. ಭದ್ರತೆಯ ಸೋಲು ಎಂದರೆ ಯಾವ ಠಾಣೆ, ಯಾವ ಪಡೆ, ಯಾರ ಆದೇಶ ಎಂದು ಕೇಳಬಹುದು.

ಚಿನ್ನಸ್ವಾಮಿ ಪ್ರಕರಣ ಇನ್ನೂ ಸ್ಪಷ್ಟ. ಅಲ್ಲಿ ಗುಪ್ತವಾದದ್ದು ಏನಿತ್ತು? ಆರ್‌ಸಿಬಿ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿ ಐಪಿಎಲ್ ಕಪ್ ಗೆದ್ದದ್ದು ಹಿಂದಿನ ರಾತ್ರಿ ದೇಶವೆಲ್ಲ ನೋಡಿತ್ತು. ಮೆರವಣಿಗೆಯ ಕರೆ ಬೆಳಿಗ್ಗೆಯೇ ಸಾಮಾಜಿಕ ಜಾಲತಾಣದಲ್ಲಿತ್ತು. ರಾತ್ರಿಯಿಡೀ ಬೀದಿಗಳಲ್ಲಿ ಜನ ಕುಣಿದಿದ್ದರು. ಕ್ರೀಡಾಂಗಣದಲ್ಲಿ ಹಿಡಿಯುವುದು ಸುಮಾರು 35,000 ಜನ. ಬಂದವರು ಎರಡು ಮೂರು ಲಕ್ಷ ಎಂದು ಆಮೇಲೆ ಮುಖ್ಯಮಂತ್ರಿಗಳೇ ಹೇಳಿದರು. ಸಂಗತಿಗಳೆಲ್ಲ ಎಲ್ಲರ ಮೊಬೈಲಿನಲ್ಲಿದ್ದವು. ಇಷ್ಟು ಜನ, ಇಷ್ಟು ಗೇಟು, ಇಷ್ಟು ಪೊಲೀಸರು, ಆದ್ದರಿಂದ ಹೀಗಾಗಬಹುದು ಎಂದು ಲೆಕ್ಕ ಹಾಕಿ, ಬೇಡ ಎಂದು ಹೇಳಿ, ಆ ಮಾತು ನಡೆಯುವಂತೆ ಮಾಡುವ ಕೊಂಡಿ ಕಳಚಿತ್ತು. ಅದು ಪೊಲೀಸರ ತಪ್ಪೋ, ಆಯೋಜಕರ ತಪ್ಪೋ, ಸರ್ಕಾರದ ತಪ್ಪೋ ಎಂದು ವಿಚಾರಣೆಗಳು, ನ್ಯಾಯಮಂಡಳಿ, ಹೈಕೋರ್ಟ್‌ಗಳಲ್ಲಿ ವಾದ ನಡೆದಿದೆ. ಆದರೆ ಹನ್ನೊಂದು ಮನೆಗಳ ಮಕ್ಕಳು ಸತ್ತದ್ದು ಯಾವುದೋ ರಹಸ್ಯ ತಿಳಿಯದೇ ಇದ್ದುದರಿಂದ ಅಲ್ಲ. ‘ಗುಪ್ತಚರ ವೈಫಲ್ಯ’ ಎಂದು ಕರೆದರೆ ಆ ಸತ್ಯವೇ ಮುಚ್ಚಿಹೋಗುತ್ತದೆ.

ಚುನಾವಣೆ ಹತ್ತಿರ ಬಂದಾಗ ಕೇಳುವ ‘ಗುಪ್ತಚರ ವರದಿ ಪ್ರಕಾರ ಇಷ್ಟು ಸೀಟು’ ಎಂಬ ಮಾತನ್ನೂ ಇದೇ ಅಳತೆಯಲ್ಲಿ ನೋಡಬಹುದು. ಅದು ಜನರ ಮಾತು ಕೇಳಿ ಮಾಡಿದ ಅಂದಾಜು. ಹೆಸರಿನಲ್ಲಿ ಗುಪ್ತ ಎಂದಿದ್ದ ಮಾತ್ರಕ್ಕೆ ಅದಕ್ಕೆ ಜಾಸ್ತಿ ಬೆಲೆ ಕೊಡಬೇಕಿಲ್ಲ.

ಅಳತೆಗೆ ಸಿಕ್ಕ ಬುದ್ಧಿ

ಇನ್ನು ಪದದ ಎರಡನೇ ಮುಖ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಮಕ್ಕಳಿಗೆ ಒಂದು ಪರೀಕ್ಷೆ ಮಾಡಿದರು. ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಎಂದು ಗುರುತಿಸುವುದು ಅದರ ಉದ್ದೇಶ. ಬುದ್ಧಿ ಬದಲಾಗದ ಒಂದು ಗಾತ್ರ ಎಂದು ಬಿನೆ ಒಪ್ಪಲಿಲ್ಲ. ಕಲಿಸಿದರೆ ಬೆಳೆಯುತ್ತದೆ ಎಂದರು. 1912ರಲ್ಲಿ ವಿಲಿಯಂ ಸ್ಟರ್ನ್ ಅದನ್ನು ಭಾಗಾಕಾರದ ಒಂದು ಅಂಕಿಯಾಗಿ ಮಾಡಿದರು. ಅದೇ ಐಕ್ಯೂ. ಅಂಕಿ ಬಂದ ಮೇಲೆ ಪದದ ಗುಣವೇ ಬದಲಾಯಿತು. ಬುದ್ಧಿ ಅನ್ನುವುದು ಎತ್ತರ, ತೂಕದಂತೆ ಮೈಯೊಳಗೆ ಇರುವ ವಸ್ತು ಎಂದು ಜನ ನಂಬಿದರು. ಅಮೆರಿಕದಲ್ಲಿ ‘ಬುದ್ಧಿ ಕಡಿಮೆ’ ಎಂದು ಹಣೆಪಟ್ಟಿ ಹಚ್ಚಿದವರಿಗೆ ಒತ್ತಾಯದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು 1927ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿತು. ಸಹಾಯ ಮಾಡಲು ಹುಟ್ಟಿದ ಅಳತೆ ಜನರನ್ನು ಹೊರಗಿಡುವ ಅಳತೆಯಾಯಿತು.

ಈ ಪರೀಕ್ಷೆ ಕನ್ನಡಕ್ಕೂ ಬಂತು. ಸ್ವಾತಂತ್ರ್ಯಕ್ಕೆ ಮೊದಲೇ ವಿ. ವಿ. ಕಾಮತ್ ಅವರು ಮುಂಬೈ ಕರ್ನಾಟಕದ ಮಕ್ಕಳಿಗಾಗಿ ಅದನ್ನು ಕನ್ನಡ ಮತ್ತು ಮರಾಠಿಯಲ್ಲಿ ಹೊಂದಿಸಿದರು. ‘ಬಿನೆ ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಭಾರತದ ಮನೋವಿಜ್ಞಾನಿಗಳ ಬಳಕೆಯಲ್ಲಿ ಉಳಿಯಿತು. ಫ್ರೆಂಚ್ ಮಗುವಿಗೆ ಕೇಳುವ ಪ್ರಶ್ನೆಯನ್ನು ನಮ್ಮ ಹಳ್ಳಿಯ ಮಗುವಿಗೆ ಹಾಗೇ ಕೇಳಿದರೆ ತಪ್ಪು ಉತ್ತರ ಬರುವುದು ಮಗುವಿನ ದೋಷವಲ್ಲ, ಅಲ್ವಾ? ಆ ಎಚ್ಚರ ಇದ್ದುದರಿಂದಲೇ ಇಂಥ ಕೆಲಸ ಬೇಕಾಯಿತು.

ಯಂತ್ರಕ್ಕೆ ಬುದ್ಧಿ ಬಂತೇ

ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂಬ ಹೆಸರು ಮೊದಲು ಕಾಣಿಸಿದ್ದು ಒಂದು ಅರ್ಜಿಯಲ್ಲಿ. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರೋಣ, ಅದಕ್ಕೆ ಹಣ ಕೊಡಿ ಎಂದು ಜಾನ್ ಮೆಕಾರ್ಥಿ ಮತ್ತು ಇನ್ನು ಮೂವರು 1955ರಲ್ಲಿ ಬರೆದ ಅರ್ಜಿ ಅದು. ಯಂತ್ರ ಮತ್ತು ಜೀವಿಗಳು ತಮ್ಮನ್ನು ಹೇಗೆ ನಿಯಂತ್ರಿಸಿಕೊಳ್ಳುತ್ತವೆ ಎಂದು ನೋಡುವ, ಆಗ ಚಾಲ್ತಿಯಲ್ಲಿದ್ದ ಸೈಬರ್ನೆಟಿಕ್ಸ್ ಎಂಬ ಶಾಖೆಯಿಂದ ದೂರ ನಿಲ್ಲುವುದೂ ಈ ಹೆಸರಿಗೆ ಒಂದು ಕಾರಣ ಎಂದು ಮೆಕಾರ್ಥಿ ಮುಂದೆ ಹೇಳಿಕೊಂಡಿದ್ದಾರೆ. ಅಂದರೆ ಹೆಸರು ಇಟ್ಟಾಗ ಯಂತ್ರಕ್ಕೆ ಬುದ್ಧಿ ಬಂದಿರಲಿಲ್ಲ. ಬರಿಸಬಹುದು ಎಂಬ ಆಸೆ ಇತ್ತು, ಬೇರೆಯವರಿಂದ ಬೇರೆಯಾಗಿ ಕಾಣಬೇಕೆಂಬ ಅಗತ್ಯ ಇತ್ತು.

ಈಗ ವಾದ ಎರಡು ಬಣವಾಗಿದೆ. ಒಂದು ಬಣದ ಹಿರಿಯ ಬ್ರಿಟಿಷ್ ಗಣಿತಜ್ಞ ಆಲನ್ ಟ್ಯೂರಿಂಗ್. ಯಂತ್ರ ಯೋಚಿಸುತ್ತದೆಯೇ ಎಂಬ ಪ್ರಶ್ನೆಗೆ ಅರ್ಥವಿಲ್ಲ, ಅದರ ಮಾತು ಮನುಷ್ಯರ ಮಾತಿನಿಂದ ಬೇರೆಯಾಗಿ ಕಾಣದಿದ್ದರೆ ಸಾಕು ಎಂದು 1950ರಲ್ಲಿ ಅವರು ವಾದಿಸಿದರು. ಫಲ ನೋಡಿ ಮರ ಗುರುತಿಸಿ ಎನ್ನುವ ವಾದ ಇದು. ಇವರ ಕಡೆ ಗಟ್ಟಿ ಉದಾಹರಣೆಗಳಿವೆ. ಪ್ರೋಟೀನ್‌ಗಳ ಆಕಾರವನ್ನು ಊಹಿಸುವ ಎಐ ಕೆಲಸಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇನ್ನೊಂದು ಬಣಕ್ಕೆ 1980ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ ಒಂದು ಚಿತ್ರ ಕೊಟ್ಟರು. ಚೀನೀ ಭಾಷೆ ಬಾರದ ಒಬ್ಬನನ್ನು ಕೋಣೆಯಲ್ಲಿ ಕೂರಿಸಿ, ಈ ಗುರುತು ಬಂದರೆ ಆ ಗುರುತು ಕೊಡು ಎಂಬ ನಿಯಮದ ಪುಸ್ತಕ ಕೊಡಿ. ಹೊರಗಿನವರಿಗೆ ಅವನಿಗೆ ಚೀನೀ ಗೊತ್ತು ಅನ್ನಿಸುತ್ತದೆ. ಅವನಿಗೆ ಒಂದಕ್ಷರವೂ ಅರ್ಥವಾಗಿರುವುದಿಲ್ಲ.

ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷಿನ ಇಂಟೆಲಿಜೆನ್ಸ್‌ಗೆ ಒಳ್ಳೆಯದು ಕೆಟ್ಟದ್ದು ಎಂಬ ತೂಕ ಕಡಿಮೆ. ಕಳ್ಳನಿಗೂ ಅದು ಇರಬಹುದು. ಕನ್ನಡದ ‘ಬುದ್ಧಿ’ ಹಾಗಲ್ಲ. ಮಗನಿಗೆ ಬುದ್ಧಿ ಹೇಳಿ ಎನ್ನುತ್ತೇವೆ. ಪೆಟ್ಟು ತಿಂದ ಮೇಲೆ ಬುದ್ಧಿ ಬಂತು ಎನ್ನುತ್ತೇವೆ. ದೇವರು ಒಳ್ಳೇ ಬುದ್ಧಿ ಕೊಡಲಿ ಎಂದು ಹರಸುತ್ತೇವೆ. ಹಳೇ ಮೈಸೂರು ಕಡೆ ಮಠದ ಸ್ವಾಮಿಗಳನ್ನೇ ‘ಬುದ್ಧಿ’ ಎಂದು ಕರೆಯುತ್ತಾರೆ. ಅಂದರೆ ನಮ್ಮ ಬುದ್ಧಿಯೊಳಗೆ ವಿವೇಕ, ನಡತೆ, ಗೌರವ ಎಲ್ಲವೂ ಕೂತಿವೆ. ಕೃತಕ ಬುದ್ಧಿಮತ್ತೆ, ಯಾಂತ್ರಿಕ ಬುದ್ಧಿಮತ್ತೆ ಎಂದು ಕರೆದಾಗ ಅದರ ನೆರಳು ಯಂತ್ರದ ಮೇಲೂ ಬೀಳುತ್ತದೆ. ಮೊಬೈಲು ಕೊಟ್ಟ ಉತ್ತರ ಹಿರಿಯರು ಹೇಳಿದ ಮಾತಿನಂತೆ ಕೇಳಿಸುತ್ತದೆ.

ಆದರೆ ಚಾಟ್‌ಜಿಪಿಟಿಯಂಥ ಸಾಧನ ಬರೆಯುವ ಬಗೆ ಬೇರೆ. ಅಪಾರ ಬರಹಗಳಿಂದ ಕಲಿತ ಜಾಡಿನಲ್ಲಿ ಮುಂದೆ ಯಾವ ಪದ ಬರಬಹುದು ಎಂದು ಊಹಿಸುತ್ತಾ ಅದು ಬರೆಯುತ್ತದೆ. ನಂಟು ಹಾಕುವುದರಲ್ಲಿ ಅದು ಬಹಳ ಗಟ್ಟಿ. ಸಂಗತಿ ನಿಜವೇ ಎಂದು ನೋಡುವ ಕೆಲಸ ಅದರೊಳಗೆ ತಾನಾಗಿ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಅದು ಕೊಟ್ಟ ಹಳೆಯ ತೀರ್ಪುಗಳನ್ನು ನಂಬಿ ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳು ಇರಲೇ ಇಲ್ಲ. ಅವರಿಗೆ 5,000 ಡಾಲರ್ ದಂಡ ಬಿತ್ತು. ಆಪಲ್ ಕಂಪನಿ ತನ್ನ ಎಐ ಸೌಲಭ್ಯಕ್ಕೆ ‘ಆಪಲ್ ಇಂಟೆಲಿಜೆನ್ಸ್’ ಎಂದೇ ಹೆಸರಿಟ್ಟಿದೆ. ಅದು ಬಿಬಿಸಿ ಸುದ್ದಿಯನ್ನು ಚುಟುಕು ಮಾಡುವಾಗ ನಡೆಯದ್ದನ್ನು ನಡೆದಂತೆ ತೋರಿಸಿತು. ದೂರು ಬಂತು, 2025ರ ಜನವರಿಯಲ್ಲಿ ಸುದ್ದಿಯ ಚುಟುಕುಗಳನ್ನು ಆಪಲ್ ನಿಲ್ಲಿಸಿತು. ಹಳೆಯ ಅರ್ಥದಲ್ಲಿ ಹೇಳುವುದಾದರೆ, ಬುದ್ಧಿ ಎಂಬ ಹೆಸರಿನ ಯಂತ್ರ ಸುದ್ದಿಯಲ್ಲೇ ಸೋತಿತು.

ಹೆಸರು ತರುವ ಅಧಿಕಾರ

ಪದದ ಅರ್ಥ ಸುಮ್ನೆ ಪಂಡಿತರ ಜಗಳವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದರ ಮೇಲೆ ಕಾನೂನು ನಿಂತಿದೆ. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಕೇಂದ್ರದ ಇಂಟೆಲಿಜೆನ್ಸ್ ಮತ್ತು ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ಆ ಪಟ್ಟಿಯಲ್ಲಿ ಇಂಟೆಲಿಜೆನ್ಸ್ ಬ್ಯೂರೋ ಇದೆ, ‘ರಾ’ ಇದೆ, ಚಿನ್ನ ಹಿಡಿದ ಡಿಆರ್‌ಐ ಕೂಡ ಇದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಮಾಹಿತಿ ಕೇಳಬಹುದು. ರಾಜ್ಯಗಳೂ ತಮ್ಮ ಇಂಥ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಒಂದು ಕೆಲಸವನ್ನು ‘ಇಂಟೆಲಿಜೆನ್ಸ್’ ಎಂದು ಕರೆದರೆ ಅದು ನಾಗರಿಕರ ಪ್ರಶ್ನೆಯಿಂದ ಒಂದು ಹೆಜ್ಜೆ ದೂರ ಹೋಗುತ್ತದೆ. ನಿಜವಾದ ಗುಟ್ಟು ಕಾಪಾಡಲು ಇದು ಬೇಕು. ಬಹಿರಂಗವಾಗಿದ್ದ ಸಂಗತಿಯನ್ನು ಸರಿಯಾಗಿ ನೋಡದೇ ಇದ್ದುದಕ್ಕೂ ಇದೇ ಮರೆ ಸಿಗಬಾರದು.

ಎಐ ಕಡೆ ಹಣದ ಪ್ರಶ್ನೆ ದೊಡ್ಡದು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿಗೂ ಹೆಚ್ಚು ರೂಪಾಯಿ ಒಪ್ಪಿತು. ಮನುಷ್ಯನಷ್ಟು ಸರ್ವತೋಮುಖ ಬುದ್ಧಿಯ ಯಂತ್ರ ಬರುತ್ತಿದೆ ಎಂದು ದೊಡ್ಡ ಕಂಪನಿಗಳು ಹೇಳುತ್ತಿವೆ. ಅದರ ಅರ್ಥ ಏನು ಎಂದು ನೋಡಿದರೆ, ಓಪನ್‌ಎಐ ಕಂಪನಿ 2018ರ ತನ್ನ ಸನ್ನದಿನಲ್ಲಿ ಹಾಕಿದ ಅಳತೆ ಬುದ್ಧಿಯದ್ದಲ್ಲ. ಆರ್ಥಿಕ ಬೆಲೆ ಇರುವ ಬಹುತೇಕ ಕೆಲಸಗಳಲ್ಲಿ ಮನುಷ್ಯರನ್ನು ಮೀರಿಸುವುದೇ ಅದರ ಅಳತೆ. ಸಂಬಳ ಸಿಗದ ಕೆಲಸಗಳು, ಮಗು ಸಾಕುವುದು, ಮುದುಕರನ್ನು ನೋಡಿಕೊಳ್ಳುವುದು, ಆ ಅಳತೆಯಲ್ಲಿ ಎಲ್ಲಿ ಬರುತ್ತವೆ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು.

ಐರೋಪ್ಯ ಒಕ್ಕೂಟ 2024ರಲ್ಲಿ ತಂದ ಎಐ ಕಾನೂನು ಜಾಣ ದಾರಿ ಹಿಡಿಯಿತು. ಬುದ್ಧಿ ಅಂದರೆ ಏನು ಎಂದು ಅದು ಹೇಳಲು ಹೋಗಲೇ ಇಲ್ಲ. ಬಂದ ಮಾಹಿತಿಯಿಂದ ಊಹೆ, ಬರಹ, ಸಲಹೆ ಅಥವಾ ತೀರ್ಮಾನವನ್ನು ಹೇಗೆ ಕೊಡಬೇಕೆಂದು ತಾನೇ ಕಂಡುಕೊಳ್ಳುವ ಯಂತ್ರ ವ್ಯವಸ್ಥೆ ಎಂದು ಕೆಲಸದ ಮೂಲಕ ಗುರುತಿಸಿತು. ಆ ಕೆಲಸದಿಂದ ಜನರಿಗೆ ಎಷ್ಟು ಅಪಾಯ ಎಂಬುದರ ಮೇಲೆ ನಿಯಮ ಹಾಕಿತು. ಹೆಸರು ಬದಿಗಿಟ್ಟರೆ ಹೊಣೆ ಯಾರದ್ದು ಎಂದು ಕೇಳುವುದು ಸುಲಭವಾಗುತ್ತದೆ.

ಎರಡು ಅರ್ಥ ಸೇರುವ ಜಾಗ

ಈ ಎರಡು ಅರ್ಥಗಳು ಈಗ ನಮ್ಮ ಊರಿನಲ್ಲೇ ಒಂದಾಗುತ್ತಿವೆ. ಬೆಂಗಳೂರು ಸಂಚಾರ ಪೊಲೀಸರು 2024ರ ಜನವರಿಯಲ್ಲಿ ‘ಅಸ್ತ್ರಂ’ ಎಂಬ ವ್ಯವಸ್ಥೆ ಶುರು ಮಾಡಿದರು. ಎಲ್ಲಿ ವಾಹನ ಕಟ್ಟಿಕೊಂಡಿದೆ, ಆ್ಯಂಬುಲೆನ್ಸ್ ಎಲ್ಲಿದೆ ಎಂದು ಅದು ತಿಳಿಸುತ್ತದೆ. ಅದರ ಪೂರ್ಣ ಹೆಸರಿನಲ್ಲಿ ‘ಆ್ಯಕ್ಷನಬಲ್ ಇಂಟೆಲಿಜೆನ್ಸ್’ ಎಂದಿದೆ. ಇದು ಗುಪ್ತವಾರ್ತೆಯೂ ಅಲ್ಲ, ಬುದ್ಧಿಮತ್ತೆಯೂ ಅಲ್ಲ. ತಕ್ಷಣ ಕೆಲಸಕ್ಕೆ ಬರುವ ಸುದ್ದಿ. ನಗರದ ಸುರಕ್ಷತೆಗೆಂದು ಸಾವಿರಾರು ಕ್ಯಾಮೆರಾಗಳೂ ಬಂದಿವೆ. ಜನಸಂದಣಿಯನ್ನು ಯಂತ್ರವೇ ಎಣಿಸಿ ಎಚ್ಚರಿಸುವ ಮಾತು ಚಿನ್ನಸ್ವಾಮಿ ದುರಂತದ ನಂತರ ಜೋರಾಗಿದೆ.

ಸಂಗತಿಯನ್ನು ಕ್ಯಾಮೆರಾ ತರಬಹುದು. ನಂಟನ್ನು ಸಾಫ್ಟ್‌ವೇರ್ ಹಾಕಬಹುದು. ಮೂರನೆಯದು ಉಳಿಯುತ್ತದೆ. ಗೇಟಿನ ಬಳಿ ಜನ ಮಿತಿ ಮೀರಿದ್ದಾರೆ ಎಂದು ಪರದೆಯ ಮೇಲೆ ಕೆಂಪು ಗುರುತು ಬಂದಾಗ, ಕಾರ್ಯಕ್ರಮ ನಿಲ್ಲಿಸಿ ಎಂದು ಹೇಳುವ ಅಧಿಕಾರ ಯಾವ ದರ್ಜೆಯ ಅಧಿಕಾರಿಗೆ ಇದೆ? ಅವರು ಹೇಳಿದರೆ ವೇದಿಕೆಯ ಮೇಲಿರುವ ಮಂತ್ರಿಗಳು, ಆಯೋಜಕರು ಕೇಳಲೇಬೇಕೆಂಬ ನಿಯಮ ಇದೆಯೇ? ಮುಂದಿನ ದೊಡ್ಡ ಸಭೆಗೆ ಅನುಮತಿ ಕೊಡುವ ಕಾಗದದಲ್ಲಿ ಆ ಅಧಿಕಾರಿಯ ಹುದ್ದೆಯ ಹೆಸರು ಬರೆದಿರಬೇಕು.